ಹೈಬ್ರಿಡ್ ತಾಪನ ವ್ಯವಸ್ಥೆ

ಹೈಬ್ರಿಡ್ ತಾಪನ ವ್ಯವಸ್ಥೆ ಎಂಬುದು ಮನೆಯನ್ನಾಗಲಿ, ಮನೆಬಳಕೆಯ ನೀರನ್ನಾಗಲಿ ಬಿಸಿಮಾಡಲು ಎರಡು ಬೇರೆ ಬೇರೆ ಶಾಖಮೂಲಗಳನ್ನು ಒಟ್ಟಿಗೆ ಜೋಡಿಸಿ ಬಳಸುವ ಏರ್ಪಾಡು. ಇವುಗಳಲ್ಲಿ ಒಂದು ಮುಖ್ಯ ಮೂಲ. ಅದು ಕಡಿಮೆ ಖರ್ಚಿನಲ್ಲಿ ವರ್ಷದ ಹೆಚ್ಚಿನ ದಿನಗಳ ಕೆಲಸವನ್ನು ನಿಭಾಯಿಸುತ್ತದೆ. ಇನ್ನೊಂದು ಪೂರಕ ಮೂಲ. ಮುಖ್ಯ ಮೂಲದ ಶಕ್ತಿ ಸಾಲದಿದ್ದಾಗ ಮಾತ್ರ ಅದು ಕೆಲಸಕ್ಕೆ ಇಳಿಯುತ್ತದೆ. ಉತ್ತರ ಅಮೆರಿಕ ಮತ್ತು ಯುರೋಪಿನ ಶೀತಪ್ರದೇಶಗಳಲ್ಲಿ ಹೀಟ್ ಪಂಪ್ (ಶಾಖ ಪಂಪು) ಮುಖ್ಯ ಮೂಲವಾಗಿಯೂ ಅನಿಲ ಅಥವಾ ಎಣ್ಣೆಯಿಂದ ಉರಿಯುವ ಫರ್ನೇಸ್ ಇಲ್ಲವೇ ಬಾಯ್ಲರ್ ಪೂರಕವಾಗಿಯೂ ಇರುತ್ತವೆ. ಕರ್ನಾಟಕದಲ್ಲಿ ಕೋಣೆಯನ್ನು ಬಿಸಿಮಾಡುವ ಅಗತ್ಯ ಬಹುತೇಕ ಇಲ್ಲ. ಇಲ್ಲಿ ಇದೇ ತತ್ತ್ವವು ಸ್ನಾನದ ನೀರು ಕಾಯಿಸುವುದರಲ್ಲಿ ಕಾಣಸಿಗುತ್ತದೆ: ಚಾವಣಿಯ ಮೇಲೆ ಸೌರ ಜಲತಾಪಕ ಅಥವಾ ಹೀಟ್ ಪಂಪ್, ಅದರ ಬೆಂಬಲಕ್ಕೆ ವಿದ್ಯುತ್ ಸುರುಳಿ, ಅಡುಗೆ ಅನಿಲದ ಗೀಸರ್ ಅಥವಾ ಸೌದೆಯ ಹಂಡೆ.

ಎರಡು ಯಂತ್ರಗಳನ್ನು ಕೊಂಡು ಕೂಡಿಸಿದ ಮಾತ್ರಕ್ಕೆ ಉಳಿತಾಯವಾಗುವುದಿಲ್ಲ. ಯಾವುದು ಮೊದಲು ನಡೆಯಬೇಕು, ಎರಡನೆಯದು ಯಾವಾಗ ಚಾಲೂ ಆಗಬೇಕು, ಯಾವಾಗ ನಿಲ್ಲಬೇಕು ಎಂಬ ನಿರ್ಧಾರದ ಮೇಲೆಯೇ ಇಡೀ ವ್ಯವಸ್ಥೆಯ ಸಾರ್ಥಕತೆ ನಿಂತಿದೆ.

ಹೀಟ್ ಪಂಪಿನ ಕಾರ್ಯವಿಧಾನ

ನೀರು ಮೇಲಿನಿಂದ ಕೆಳಕ್ಕೆ ಹರಿಯುವಂತೆ ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿನ ಕಡೆಗೆ ತಾನಾಗಿ ಹರಿಯುತ್ತದೆ. ಬಾವಿಯ ನೀರನ್ನು ಮೇಲಕ್ಕೆತ್ತಲು ಪಂಪು ಬೇಕಾದಂತೆ, ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಶಾಖವನ್ನು ಸಾಗಿಸಲು ಹೊರಗಿನಿಂದ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಹೀಟ್ ಪಂಪ್ ಮಾಡುವುದು ಇದನ್ನೇ. ಮನೆಯ ಫ್ರಿಜ್ ಕೂಡ ಒಂದು ಹೀಟ್ ಪಂಪ್. ಅದು ಒಳಗಿನ ಶಾಖವನ್ನು ತೆಗೆದು ಹಿಂಬದಿಯ ಕೊಳವೆಗಳ ಮೂಲಕ ಅಡುಗೆಮನೆಗೆ ಬಿಡುತ್ತದೆ. ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ತಗುಲುವ ಬಿಸಿ ಅದೇ.

ಯಂತ್ರದೊಳಗೆ ಬಹಳ ಕಡಿಮೆ ಉಷ್ಣತೆಯಲ್ಲಿ ಕುದಿಯುವ ಶೀತಕ ದ್ರವವೊಂದು ಸುತ್ತುತ್ತಿರುತ್ತದೆ. ಹೊರಗಿನ ಘಟಕದಲ್ಲಿ ಅದು ಗಾಳಿಯ ಶಾಖವನ್ನು ಹೀರಿಕೊಂಡು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಅದರ ಉಷ್ಣತೆಯನ್ನು ಏರಿಸುತ್ತದೆ. ಬಿಸಿಯಾದ ಆವಿಯು ಒಳಗಿನ ಸುರುಳಿಯಲ್ಲಿ ತನ್ನ ಶಾಖವನ್ನು ಕೋಣೆಯ ಗಾಳಿಗೋ ನೀರಿಗೋ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಬಳಿಕ ಕವಾಟವೊಂದರ ಮೂಲಕ ಒತ್ತಡ ಕಳೆದುಕೊಂಡು ಹೊರಗಿನ ಘಟಕಕ್ಕೆ ಮರಳುತ್ತದೆ. ಹೊರಗಿನ ಗಾಳಿ ನಮಗೆ ತಣ್ಣಗೆನಿಸಿದರೂ ಅದಕ್ಕಿಂತ ಶೀತಕವು ತಣ್ಣಗಿರುವುದರಿಂದ ಶಾಖದ ಹರಿವು ನಡೆಯುತ್ತದೆ.

ಬಳಸಿದ ಪ್ರತಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ದೊರೆಯಿತು ಎಂಬುದನ್ನು ಕಾರ್ಯಕ್ಷಮತಾ ಗುಣಾಂಕ ಎನ್ನುತ್ತಾರೆ. ಸಾಧಾರಣ ವಿದ್ಯುತ್ ಗೀಸರಿನಲ್ಲಿ ಈ ಗುಣಾಂಕ ಹೆಚ್ಚೆಂದರೆ 1. ಹೀಟ್ ಪಂಪಿನಲ್ಲಿ ಅದು ಹಿತವಾದ ಹವೆಯಲ್ಲಿ 3ರಿಂದ 4ರವರೆಗೆ ಇರುತ್ತದೆ. ಒಂದು ಯೂನಿಟ್ ಕೊಟ್ಟು ಮೂರು ಯೂನಿಟ್ ಪಡೆಯುವುದು ಶಕ್ತಿ ಸಂರಕ್ಷಣೆಯ ನಿಯಮಕ್ಕೆ ವಿರುದ್ಧವಲ್ಲವೇ ಎಂಬ ಸಂದೇಹ ವಿದ್ಯಾರ್ಥಿಗಳಿಗೆ ಬರುವುದು ಸಹಜ. ವಿದ್ಯುತ್ತು ಇಲ್ಲಿ ಶಾಖವನ್ನು ಹುಟ್ಟಿಸುತ್ತಿಲ್ಲ, ಸಾಗಿಸುತ್ತಿದೆ. ಉಳಿದ ಎರಡು ಯೂನಿಟ್ ಹೊರಗಿನ ಗಾಳಿಯಿಂದ ಬಂದದ್ದು.

ಈ ಗುಣಾಂಕಕ್ಕೆ ಪ್ರಕೃತಿಯೇ ಹಾಕಿದ ಮೇಲ್ಮಿತಿಯೊಂದಿದೆ. ನಿರಪೇಕ್ಷ ಮಾನದಲ್ಲಿ ಅಳೆದ ಬಿಸಿ ಕಡೆಯ ಉಷ್ಣತೆಯನ್ನು ಎರಡೂ ಕಡೆಗಳ ಉಷ್ಣತೆಯ ವ್ಯತ್ಯಾಸದಿಂದ ಭಾಗಿಸಿದರೆ ಅದು ದೊರೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಗಾಳಿಯಿಂದ 55 ಡಿಗ್ರಿಯ ನೀರು ಪಡೆಯುವಾಗ ಮಿತಿ ಸುಮಾರು 11. ಹೊರಗೆ −15 ಡಿಗ್ರಿ ಇದ್ದು 50 ಡಿಗ್ರಿಯ ಶಾಖ ಬೇಕಾದರೆ ಮಿತಿ 5ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮುಟ್ಟುತ್ತವೆ. ಚಳಿ ಹೆಚ್ಚಿದಷ್ಟೂ ಮನೆಗೆ ಬೇಕಾಗುವ ಶಾಖ ಹೆಚ್ಚುತ್ತದೆ, ಅದೇ ಹೊತ್ತಿಗೆ ಹೀಟ್ ಪಂಪಿನ ಶಕ್ತಿ ಕುಂದುತ್ತದೆ. ಪೂರಕ ಮೂಲದ ಅಗತ್ಯ ಹುಟ್ಟುವುದು ಈ ಎಡವಟ್ಟಿನಿಂದ.

ಸಮತೋಲನ ಬಿಂದು

ಹೀಟ್ ಪಂಪ್ ಕೊಡಬಲ್ಲ ಶಾಖವೂ ಮನೆ ಕಳೆದುಕೊಳ್ಳುವ ಶಾಖವೂ ಸರಿಸಮವಾಗುವ ಹೊರಗಿನ ಉಷ್ಣತೆಗೆ ತಾಪ ಸಮತೋಲನ ಬಿಂದು ಎಂದು ಹೆಸರು. ಅದಕ್ಕಿಂತ ಕೆಳಗೆ ಹೀಟ್ ಪಂಪ್ ಒಂದರಿಂದಲೇ ಮನೆ ಬೆಚ್ಚಗಿರಲಾರದು. ಇದಲ್ಲದೆ ಆರ್ಥಿಕ ಸಮತೋಲನ ಬಿಂದು ಎಂಬುದೂ ಇದೆ. ಅಲ್ಲಿ ಹೀಟ್ ಪಂಪಿನ ಶಾಖಕ್ಕೂ ಇಂಧನದ ಶಾಖಕ್ಕೂ ತಗಲುವ ಖರ್ಚು ಒಂದೇ ಆಗಿರುತ್ತದೆ. ಎರಡೂ ಒಂದೇ ಉಷ್ಣತೆಯಲ್ಲಿ ಬರಬೇಕೆಂದಿಲ್ಲ.

ಆರ್ಥಿಕ ಬಿಂದುವಿನ ಲೆಕ್ಕ ಸುಲಭ. ವಿದ್ಯುತ್ತಿನ ಯೂನಿಟ್ ದರವನ್ನು ಫರ್ನೇಸಿನ ದಕ್ಷತೆಯಿಂದ ಗುಣಿಸಿ, ಅಷ್ಟೇ ಶಕ್ತಿಯ ಇಂಧನದ ದರದಿಂದ ಭಾಗಿಸಬೇಕು. ವಿದ್ಯುತ್ತಿಗೆ 12, ಅನಿಲಕ್ಕೆ 4, ದಕ್ಷತೆ 0.9 ಎಂದಿಟ್ಟುಕೊಂಡರೆ ಉತ್ತರ 2.7. ಹೊರಗಿನ ಚಳಿಯಲ್ಲಿ ಹೀಟ್ ಪಂಪಿನ ಗುಣಾಂಕ 2.7ಕ್ಕಿಂತ ಮೇಲಿರುವವರೆಗೆ ಅದನ್ನೇ ನಡೆಸುವುದು ಲಾಭ; ಕೆಳಗಿಳಿದರೆ ಅನಿಲ ಅಗ್ಗ. ದರಗಳು ಬದಲಾದಂತೆ ಈ ಬಿಂದುವೂ ಸರಿಯುತ್ತದೆ. ಯಂತ್ರವನ್ನು ಅಳವಡಿಸಿದ ದಿನ ಗೊತ್ತುಮಾಡಿದ ಉಷ್ಣತೆಯನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಇತಿಹಾಸ

ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಪ್ರಕಟಿಸಿದ ಶಾಖಯಂತ್ರಗಳ ವಿವೇಚನೆಯಲ್ಲಿ ಈ ಚಿಂತನೆಯ ಬೇರುಗಳಿವೆ. ಯಂತ್ರವನ್ನು ಬಳಸಿ ಹೊರಗಿನ ಗಾಳಿಯ ಶಾಖದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು 1852ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಸೂಚಿಸಿದನು. ಆಸ್ಟ್ರಿಯದ ಪೀಟರ್ ಫಾನ್ ರಿಟಿಂಗರ್ 1856ರ ಸುಮಾರಿಗೆ ಎಬೆನ್ಸೀ ಎಂಬಲ್ಲಿನ ಉಪ್ಪಿನ ಕಾರ್ಖಾನೆಯಲ್ಲಿ ಇದೇ ತತ್ತ್ವವನ್ನು ಉಪ್ಪುನೀರು ಬತ್ತಿಸಲು ಪ್ರಯೋಗಿಸಿದನು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನಕ್ಕೆ 1938ರಲ್ಲಿ ಲಿಮ್ಮಟ್ ನದಿಯ ನೀರಿನಿಂದ ಶಾಖ ಎತ್ತುವ ಹೀಟ್ ಪಂಪ್ ಅಳವಡಿಸಲಾಯಿತು. 1970ರ ದಶಕದ ತೈಲ ಬಿಕ್ಕಟ್ಟಿನ ತರುವಾಯ ಮನೆಗಳಲ್ಲಿ ಇದರ ಬಳಕೆ ಹೆಚ್ಚಿತು. ಇಂಗಾಲದ ಡೈಆಕ್ಸೈಡನ್ನೇ ಶೀತಕವಾಗಿ ಬಳಸಿ ನೀರು ಕಾಯಿಸುವ ಯಂತ್ರಗಳು 2001ರಿಂದ ಜಪಾನಿನಲ್ಲಿ ಮಾರಾಟಕ್ಕೆ ಬಂದವು.

ಶೀತದೇಶಗಳಲ್ಲಿ

ಅಮೆರಿಕ ಮತ್ತು ಕೆನಡಾಗಳಲ್ಲಿ ಮನೆಯ ಎಲ್ಲ ಕೋಣೆಗಳಿಗೂ ಬಿಸಿಗಾಳಿಯನ್ನು ಕೊಳವೆಮಾರ್ಗಗಳ ಮೂಲಕ ಸಾಗಿಸುವುದು ರೂಢಿ. ಹೀಟ್ ಪಂಪಿನ ಸುರುಳಿಯನ್ನು ಸಾಮಾನ್ಯವಾಗಿ ಫರ್ನೇಸಿನ ಮೇಲೆಯೇ ಕೂರಿಸುತ್ತಾರೆ. ಎರಡೂ ಏಕಕಾಲಕ್ಕೆ ನಡೆದರೆ ಫರ್ನೇಸಿನ ಬಿಸಿಗಾಳಿ ಸುರುಳಿಯ ಮೇಲೆ ಹಾಯ್ದು ಶೀತಕದ ಒತ್ತಡ ಮಿತಿಮೀರುತ್ತದೆ. ಆದುದರಿಂದ ಇಂಥ ಮನೆಗಳಲ್ಲಿ ಒಂದು ನಿಂತ ಮೇಲೆಯೇ ಇನ್ನೊಂದು ಆರಂಭವಾಗುತ್ತದೆ. ಯುರೋಪಿನಲ್ಲಿ ಬಿಸಿನೀರು ಹರಿಯುವ ರೇಡಿಯೇಟರುಗಳೇ ಹೆಚ್ಚು. ಅಲ್ಲಿ ಹೀಟ್ ಪಂಪ್ ನೀರನ್ನು ಒಂದು ಹಂತದವರೆಗೆ ಕಾಯಿಸಿಕೊಟ್ಟರೆ ಉಳಿದಷ್ಟನ್ನು ಬಾಯ್ಲರ್ ಏರಿಸಬಹುದು. ಎರಡೂ ಜೊತೆಯಾಗಿ ನಡೆಯಲು ಅಡ್ಡಿಯಿಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತದ ಏರ್ಪಾಡು ಗಮನಾರ್ಹವಾದುದು. ಅಲ್ಲಿನ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಎರಡು ಇಂಧನಗಳ ಮನೆಗಳಿಗೆ ಪ್ರತ್ಯೇಕ ದರಪಟ್ಟಿ ಇಟ್ಟಿದೆ. ಹೊರಗಿನ ಉಷ್ಣತೆ −12 ಡಿಗ್ರಿಗಿಂತ (ಕೆಲವು ಪ್ರದೇಶಗಳಲ್ಲಿ −15 ಡಿಗ್ರಿಗಿಂತ) ಮೇಲಿರುವಾಗ ವಿದ್ಯುತ್ ಅಗ್ಗ. ಕೆಳಗಿಳಿದ ಕೂಡಲೇ ದರ ಬಹಳ ಏರುತ್ತದೆ ಮತ್ತು ಮನೆಯ ಯಂತ್ರ ತಾನಾಗಿ ಅನಿಲಕ್ಕೋ ಎಣ್ಣೆಗೋ ಹೊರಳುತ್ತದೆ. ಊರಿಗೆ ಊರೇ ಚಳಿಯಿಂದ ನಡುಗುವ ರಾತ್ರಿಗಳಲ್ಲಿ ವಿದ್ಯುತ್ ಜಾಲದ ಮೇಲಿನ ಹೊರೆ ಇದರಿಂದ ತಗ್ಗುತ್ತದೆ. ನೆದರ್ಲೆಂಡ್ಸ್ ಸರ್ಕಾರವು 2026ರಿಂದ ಹಳೆಯ ಬಾಯ್ಲರ್ ಬದಲಿಸುವವರು ಹೈಬ್ರಿಡ್ ಹೀಟ್ ಪಂಪನ್ನೇ ಹಾಕಿಸಬೇಕೆಂದು 2022ರಲ್ಲಿ ಪ್ರಕಟಿಸಿತ್ತು. 2024ರಲ್ಲಿ ಹೊಸ ಸರ್ಕಾರ ಆ ಕಡ್ಡಾಯವನ್ನು ಕೈಬಿಟ್ಟಿತು.

ಕರ್ನಾಟಕದಿಂದ ಈ ದೇಶಗಳಿಗೆ ಹೋಗಿ ನೆಲೆಸುವ ಕುಟುಂಬಗಳಿಗೆ ಇಂಥ ಯಂತ್ರದ ಪರಿಚಯ ಮೊದಲ ಚಳಿಗಾಲದಲ್ಲಿ ಆಗುತ್ತದೆ. ಗೋಡೆಯ ಥರ್ಮೋಸ್ಟಾಟಿನಲ್ಲಿ ‘ಎಮರ್ಜೆನ್ಸಿ ಹೀಟ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಹೀಟ್ ಪಂಪ್ ಪೂರ್ತಿ ನಿಂತು ಪೂರಕ ಮೂಲವೊಂದೇ ನಡೆಯುತ್ತದೆ. ಹೀಟ್ ಪಂಪ್ ಕೆಟ್ಟಾಗ ಮಾತ್ರ ಬಳಸಬೇಕಾದ ಗುಂಡಿ ಇದು. ಬೇಗ ಬೆಚ್ಚಗಾಗಲೆಂದು ಒತ್ತಿ ಮರೆತರೆ, ಪೂರಕ ಮೂಲ ವಿದ್ಯುತ್ ಸುರುಳಿಯಾಗಿರುವ ಮನೆಗಳಲ್ಲಿ ತಿಂಗಳ ಬಿಲ್ಲು ಎರಡು-ಮೂರು ಪಟ್ಟಾಗಬಹುದು. ರಾತ್ರಿ ಉಷ್ಣತೆಯನ್ನು ಬಹಳ ತಗ್ಗಿಸಿ ಬೆಳಗ್ಗೆ ಒಮ್ಮೆಲೇ ಏರಿಸಿದರೂ ಪೂರಕ ಮೂಲ ಅನಗತ್ಯವಾಗಿ ಹೊತ್ತಿಕೊಳ್ಳುತ್ತದೆ. ತೇವವಿರುವ ಚಳಿಯಲ್ಲಿ ಹೊರಘಟಕದ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರವು ಕೆಲವು ನಿಮಿಷ ಹಿಮ್ಮುಖವಾಗಿ ನಡೆದು ಹೊರಗೆ ಹಬೆ ಏಳುವುದುಂಟು. ಅದು ಕೆಟ್ಟಿರುವುದರ ಸೂಚನೆಯಲ್ಲ.

ಕರ್ನಾಟಕದಲ್ಲಿ

ಹಂಡೆಯಲ್ಲಿ ನೀರು ಕಾಯಿಸುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಬಚ್ಚಲಮನೆಯ ಒಲೆಯ ಮೇಲೆ ತಾಮ್ರದ ಹಂಡೆಯನ್ನು ಹೂತು, ಮಲೆನಾಡಿನಲ್ಲಿ ಅಡಕೆ ಸಿಪ್ಪೆ ಮತ್ತು ಸೋಗೆ, ಕರಾವಳಿಯಲ್ಲಿ ತೆಂಗಿನ ಗರಿ ಮತ್ತು ಕಾಯಿಸಿಪ್ಪೆ, ಬಯಲುಸೀಮೆಯಲ್ಲಿ ಜಾಲಿಸೌದೆ ಉರಿಸುತ್ತಿದ್ದರು. ಮಹಾರಾಷ್ಟ್ರದ ಗಡಿಭಾಗದಲ್ಲಿ ನಡುವೆ ಹೊಗೆಕೊಳವೆಯುಳ್ಳ ತಾಮ್ರದ ‘ಬಂಬ’ವೂ ಬಳಕೆಯಲ್ಲಿದೆ. ನಗರಗಳಲ್ಲಿ ಈ ಸ್ಥಾನವನ್ನು ವಿದ್ಯುತ್ ಗೀಸರ್ ಆಕ್ರಮಿಸಿತು.

ಸೌರ ಜಲತಾಪಕಗಳ ಬಳಕೆಯಲ್ಲಿ ಕರ್ನಾಟಕವು, ಅದರಲ್ಲೂ ಬೆಂಗಳೂರು, ದೇಶದಲ್ಲಿ ಮುಂಚೂಣಿಯಲ್ಲಿದೆ. ನಗರಪ್ರದೇಶಗಳಲ್ಲಿ ನಿಗದಿತ ವಿಸ್ತೀರ್ಣಕ್ಕೆ ಮೀರಿದ ಹೊಸ ಮನೆಗಳಿಗೆ ಇವುಗಳನ್ನು ರಾಜ್ಯ ಸರ್ಕಾರ 2007ರಲ್ಲಿ ಕಡ್ಡಾಯಗೊಳಿಸಿತು. ಅಳವಡಿಸಿಕೊಂಡ ಗ್ರಾಹಕರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನು ವಿದ್ಯುತ್ ಕಂಪನಿಗಳು ನೀಡುತ್ತ ಬಂದವು. ಬಿಸಿಲಿಲ್ಲದ ದಿನಗಳಿಗಾಗಿ ತೊಟ್ಟಿಯೊಳಗೆ ವಿದ್ಯುತ್ ಸುರುಳಿ ಇರುವುದರಿಂದ ಇವು ಹೈಬ್ರಿಡ್ ವ್ಯವಸ್ಥೆಗಳೇ ಆಗಿವೆ, ಹಾಗೆಂದು ಯಾರೂ ಕರೆಯದಿದ್ದರೂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಸುಕಿರುವ ಮಲೆನಾಡಿನ ಅನೇಕ ಮನೆಗಳಲ್ಲಿ ಹೊಸದಾಗಿ ಸೌರ ತಾಪಕ ಬಂದರೂ ಹಂಡೆಯನ್ನು ಕಿತ್ತುಹಾಕಿಲ್ಲ. ಮಳೆಗಾಲದ ಪೂರಕ ಮೂಲ ಅದೇ.

ಹೀಟ್ ಪಂಪಿನಿಂದ ನೀರು ಕಾಯಿಸುವ ಯಂತ್ರಗಳು ಹೋಟೆಲು, ಆಸ್ಪತ್ರೆ, ವಿದ್ಯಾರ್ಥಿನಿಲಯ, ವಸತಿ ಸಮುಚ್ಚಯಗಳಲ್ಲಿ ಬಳಕೆಗೆ ಬಂದಿವೆ. ಮನೆಗಳಲ್ಲಿ ಅವು ಇನ್ನೂ ವಿರಳ. ಬಿಸಿಲು ಬೀಳುವ ಚಾವಣಿಯಲ್ಲಿ ಪಾಲಿಲ್ಲದ ಬಹುಮಹಡಿ ಕಟ್ಟಡಗಳ ನಿವಾಸಿಗಳಿಗೆ ಇವು ಹೆಚ್ಚು ಅನುಕೂಲ.

ಚೌಡಾಪುರ ಮತ್ತು ಕಲಬುರಗಿ ಸೀಮೆ

ಯಾವ ಊರಿಗೆ ಯಾವ ಜೋಡಣೆ ಹೊಂದುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಚೌಡಾಪುರದಂಥ ಊರನ್ನು ಮುಂದಿಟ್ಟುಕೊಂಡು ನೋಡಬಹುದು. ಭೀಮಾ–ಅಮರ್ಜಾ ಸಂಗಮದ ದತ್ತಕ್ಷೇತ್ರ ದೇವಲ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಹಾಯ್ದುಹೋಗುವ ಊರಿದು. ಮೇ ತಿಂಗಳಲ್ಲಿ ಈ ಸೀಮೆಯ ಹಗಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಆಗ ಮಾಳಿಗೆಯ ಮೇಲಿನ ತೊಟ್ಟಿಯ ನೀರೇ ಮೈಸುಡುವಷ್ಟು ಕಾಯ್ದಿರುತ್ತದೆ. ಡಿಸೆಂಬರ್–ಜನವರಿಯ ಮುಂಜಾನೆ 15 ಡಿಗ್ರಿಯ ಆಸುಪಾಸು, ಕೆಲವೊಮ್ಮೆ ಇನ್ನೂ ಕಡಿಮೆ. ಬಿಸಿನೀರು ನಿಜವಾಗಿ ಬೇಕಾಗುವುದು ವರ್ಷದಲ್ಲಿ ನಾಲ್ಕು ತಿಂಗಳು ಎನ್ನಬಹುದು.

ನಾಲ್ವರ ಕುಟುಂಬಕ್ಕೆ ದಿನಕ್ಕೆ 100 ಲೀಟರ್ ನೀರನ್ನು 22ರಿಂದ 42 ಡಿಗ್ರಿಗೆ ಏರಿಸಲು ಸುಮಾರು 2.3 ಯೂನಿಟ್ ಶಾಖ ಬೇಕು. ಗೀಸರಿನಲ್ಲಿ ಸೋರಿಕೆ ಸೇರಿ 2.5 ಯೂನಿಟ್ ವಿದ್ಯುತ್ ಖರ್ಚಾದರೆ, ಗುಣಾಂಕ 3 ಇರುವ ಹೀಟ್ ಪಂಪಿನಲ್ಲಿ 0.8 ಯೂನಿಟ್. ದಿನಕ್ಕೆ 1.7 ಯೂನಿಟ್ಟಿನಂತೆ 120 ದಿನಗಳಲ್ಲಿ ಉಳಿಯುವುದು 200 ಯೂನಿಟ್ಟುಗಳ ಆಸುಪಾಸು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,200 ರೂಪಾಯಿ. ಹತ್ತಾರು ಸಾವಿರ ಬೆಲೆಯ ಯಂತ್ರಕ್ಕೆ ಇಷ್ಟು ಉಳಿತಾಯ ಸಾಲದು. ಒಂಟಿ ಮನೆಗೆ ಇಲ್ಲಿ ಸೌರ ತಾಪಕವೇ ತಕ್ಕದ್ದು. ಚಳಿಗಾಲದಲ್ಲಿ ಆಕಾಶ ಸಾಮಾನ್ಯವಾಗಿ ನಿರ್ಮಲವಾಗಿರುವುದರಿಂದ ಪೂರಕ ಮೂಲಕ್ಕೆ ಕೆಲಸ ಕಡಿಮೆ.

ನೂರು ಜನರಿರುವ ವಿದ್ಯಾರ್ಥಿನಿಲಯದ ಅಥವಾ ಯಾತ್ರಿನಿವಾಸದ ಲೆಕ್ಕ ಬೇರೆ. ತಲೆಗೆ 25 ಲೀಟರಿನಂತೆ 2,500 ಲೀಟರ್ ನೀರನ್ನು ಅಷ್ಟೇ ಬಿಸಿಮಾಡಲು ದಿನಕ್ಕೆ 58 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಇದನ್ನು 19 ಯೂನಿಟ್ ವಿದ್ಯುತ್ತಿನಿಂದ ಕೊಡುತ್ತದೆ. ವರ್ಷದಲ್ಲಿ 180 ದಿನ ನಡೆದರೂ 7,000 ಯೂನಿಟ್ ಉಳಿಯುತ್ತದೆ. ಮಧ್ಯಾಹ್ನದ 30 ಡಿಗ್ರಿ ಗಾಳಿಯಲ್ಲಿ ಯಂತ್ರವನ್ನು ನಡೆಸಿ, ಶಾಖ ಸೋರದ ಹೊದಿಕೆಯುಳ್ಳ ತೊಟ್ಟಿಯಲ್ಲಿ ನೀರು ತುಂಬಿಟ್ಟು, ಮರುದಿನ ಮುಂಜಾನೆ ಬಳಸಿದರೆ ಗುಣಾಂಕ ಇನ್ನೂ ಉತ್ತಮವಾಗುತ್ತದೆ.

ಇಂಧನಗಳ ಹೋಲಿಕೆಯೂ ಉಪಯುಕ್ತ. 14.2 ಕಿಲೋಗ್ರಾಂ ಅಡುಗೆ ಅನಿಲದ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಕ್ತಿ ಇದೆ. ಗೀಸರಿನ ದಕ್ಷತೆ ಶೇಕಡ 80 ಎಂದರೆ ನೀರಿಗೆ ಸೇರುವುದು 145 ಯೂನಿಟ್. ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 6 ರೂಪಾಯಿ 20 ಪೈಸೆ. ವಿದ್ಯುತ್ ಗೀಸರಿನ ಖರ್ಚಿಗೆ ಬಹುತೇಕ ಸಮ. ಸೌದೆಗೆ ಈ ಸೀಮೆಯಲ್ಲಿ ತೊಗರಿ ಕಟ್ಟಿಗೆ ಇದೆ. ರಾಶಿ ಮುಗಿದ ಮೇಲೆ ಹೊಲದಲ್ಲೇ ಸಿಗುವುದರಿಂದ ದುಡ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಾಂಪ್ರದಾಯಿಕ ಒಲೆಯಲ್ಲಿ ಕಟ್ಟಿಗೆಯ ಶಕ್ತಿಯ ಆರನೆಯ ಒಂದು ಭಾಗವಷ್ಟೇ ನೀರಿಗೆ ಸೇರುತ್ತದೆ. ಮೇಲೆ ಹೇಳಿದ 100 ಲೀಟರಿಗೆ ದಿನವೂ ಮೂರು-ನಾಲ್ಕು ಕಿಲೋಗ್ರಾಂ ಉರಿಯಬೇಕು. ಅದನ್ನು ಹೊತ್ತು ತರುವವರೂ ಹೊಗೆಯ ಮುಂದೆ ಕೂರುವವರೂ ಮನೆಯ ಹೆಣ್ಣುಮಕ್ಕಳು. ಯಾವ ದರಪಟ್ಟಿಯಲ್ಲಿಯೂ ಕಾಣದ ಖರ್ಚು ಇದು.

ಜಿಲ್ಲೆಗೆ ವಿದ್ಯುತ್ ಪೂರೈಸುವುದು ಜೆಸ್ಕಾಂ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ ಚಾಲನೆ ದೊರೆಯಿತು. ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ ಗೊತ್ತುಮಾಡಿದ ಮಿತಿಯವರೆಗೆ ವಿದ್ಯುತ್ ಉಚಿತ. 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲು ಕಟ್ಟಬೇಕು. 2 ಕಿಲೋವ್ಯಾಟಿನ ಗೀಸರನ್ನು ದಿನಕ್ಕೊಂದು ಗಂಟೆ ಹಚ್ಚಿದರೆ ತಿಂಗಳಿಗೆ 60 ಯೂನಿಟ್. ಮಿತಿಯ ಅಂಚಿನಲ್ಲಿರುವ ಮನೆಗೆ ಚಳಿಗಾಲದ ಈ 60 ಯೂನಿಟ್ ಉಚಿತ ವಿದ್ಯುತ್ತಿಗೂ ಪೂರ್ಣ ಬಿಲ್ಲಿಗೂ ನಡುವಿನ ಅಂತರವಾಗಬಹುದು.

ಪೂರಕ ಮೂಲವನ್ನು ಆರಿಸುವಾಗ ಕರೆಂಟು ಹೋಗುವ ಸಂದರ್ಭವನ್ನೂ ಎಣಿಸಬೇಕು. ಹೀಟ್ ಪಂಪಿಗೆ ವಿದ್ಯುತ್ ಸುರುಳಿಯೇ ಬೆಂಬಲವಾಗಿದ್ದರೆ ಕರೆಂಟು ಹೋದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ. ಶೀತದೇಶಗಳ ಅನಿಲ ಫರ್ನೇಸಿಗೂ ಗಾಳಿ ನೂಕುವ ಫ್ಯಾನಿಗೆ ವಿದ್ಯುತ್ ಬೇಕೇ ಬೇಕು. ಈ ದೃಷ್ಟಿಯಿಂದ ಹಂಡೆಯೇ ಯಾರ ಹಂಗೂ ಇಲ್ಲದ ಪೂರಕ ಮೂಲ.

ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಡಕು. ನೀರು ಹೆಚ್ಚು ಕಾಯ್ದಷ್ಟೂ ಸುಣ್ಣದ ಅಂಶ ಬೇರ್ಪಟ್ಟು ಸುರುಳಿಯ ಮೇಲೆ ಪದರ ಕಟ್ಟುತ್ತದೆ, ಶಾಖ ದಾಟುವುದು ನಿಧಾನವಾಗುತ್ತದೆ, ಕೊನೆಗೆ ಸುರುಳಿ ಸುಟ್ಟುಹೋಗುತ್ತದೆ. 50 ಡಿಗ್ರಿಯ ಸುಮಾರಿನಲ್ಲಿ ಕೆಲಸ ಮಾಡುವ ಹೀಟ್ ಪಂಪಿನಲ್ಲಿ ಈ ತೊಂದರೆ ಕಡಿಮೆ, ಇಲ್ಲವೆಂದಲ್ಲ.

ನಿಯಂತ್ರಣ

ಸೌರ ತಾಪಕದ ವಿದ್ಯುತ್ ಸುರುಳಿಯ ಸ್ವಿಚ್ಚನ್ನು ಹಗಲೂ ರಾತ್ರಿ ಹಚ್ಚಿಯೇ ಇಡುವ ಮನೆಗಳಿವೆ. ಬೆಳಗಿನ ಸ್ನಾನ ಮುಗಿದು ತೊಟ್ಟಿಗೆ ತಣ್ಣೀರು ಬಂದೊಡನೆ ಸುರುಳಿ ಅದನ್ನು ಕಾಯಿಸಿಬಿಡುತ್ತದೆ. ಒಂಬತ್ತು ಗಂಟೆಗೆ ಬಿಸಿಲೇರುವ ಹೊತ್ತಿಗೆ ನೀರು ಆಗಲೇ ಬಿಸಿ; ಸೂರ್ಯನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಯಂತ್ರ ಸೌರವೇ, ಬಿಲ್ಲು ಮಾತ್ರ ಗೀಸರಿನದು. ಇದನ್ನು ತಪ್ಪಿಸಲು ಸುರುಳಿಯನ್ನು ಸಂಜೆಯ ಬಳಿಕ ಅಥವಾ ಮುಂಜಾನೆ ಬಳಕೆಗೆ ಮುನ್ನ ಮಾತ್ರ ನಡೆಯುವಂತೆ ಟೈಮರಿಗೆ ಜೋಡಿಸುತ್ತಾರೆ. ಬಿಸಿನೀರು ಹಗುರವಾಗಿದ್ದು ಮೇಲೆ ನಿಲ್ಲುವುದರಿಂದ ಸುರುಳಿಯನ್ನು ತೊಟ್ಟಿಯ ತಳದಲ್ಲಿ ಇಡದೆ ನಡುಮಟ್ಟಕ್ಕಿಂತ ಮೇಲೆ ಇಟ್ಟರೆ ಬೇಕಾದಷ್ಟು ನೀರು ಮಾತ್ರ ಕಾಯುತ್ತದೆ.

ಸುರಕ್ಷತೆ

ಅನಿಲ ಗೀಸರನ್ನು ಪೂರಕವಾಗಿ ಬಳಸುವಲ್ಲಿ ಪ್ರಾಣಾಪಾಯವಿದೆ. ಕಿಟಕಿ ಮುಚ್ಚಿದ ಚಿಕ್ಕ ಸ್ನಾನಗೃಹದೊಳಗೆ ಅನಿಲ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ತಿಳಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಕರ್ನಾಟಕದಲ್ಲಿ ಚಳಿಗಾಲದಲ್ಲಿ ಇಂಥ ಸಾವುಗಳು ಮರುಕಳಿಸುತ್ತಲೇ ಇವೆ. ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಜಾಗದಲ್ಲಿಟ್ಟು ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು. ಹಂಡೆಯ ಒಲೆಯ ಬಾಯಿ ಹೊರಗೋಡೆಯ ಕಡೆಗಿರುವ ಹಳೆಯ ಮನೆಗಳ ಕಟ್ಟಡಕ್ರಮದಲ್ಲಿ ಈ ಎಚ್ಚರಿಕೆ ತಾನಾಗಿಯೇ ಸೇರಿತ್ತು.

ದೊಡ್ಡ ತೊಟ್ಟಿಗಳಲ್ಲಿ 25ರಿಂದ 45 ಡಿಗ್ರಿಯ ನೀರು ಬಹುಕಾಲ ನಿಂತರೆ ನ್ಯುಮೋನಿಯ ತರುವ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ. ಹೀಟ್ ಪಂಪ್ ನೀರನ್ನು ಮಿತವಾಗಿ ಕಾಯಿಸುವುದರಿಂದ ಆಸ್ಪತ್ರೆ, ವಿದ್ಯಾರ್ಥಿನಿಲಯಗಳಲ್ಲಿ ನಿಯತವಾಗಿ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಪೂರಕ ಮೂಲವನ್ನು ನಡೆಸಿ ಇಡೀ ತೊಟ್ಟಿಯನ್ನು 60 ಡಿಗ್ರಿಗೆ ಅಥವಾ ಅದಕ್ಕೂ ಮೇಲಕ್ಕೆ ಏರಿಸುತ್ತಾರೆ. ಅಂದು ನಲ್ಲಿಯಲ್ಲಿ ಬರುವ ನೀರು ಎಂದಿಗಿಂತ ಬಿಸಿಯಾಗಿರುವುದರಿಂದ ಮಕ್ಕಳೂ ವೃದ್ಧರೂ ಬಳಸುವಲ್ಲಿ ತಣ್ಣೀರು ಬೆರೆಸುವ ಕವಾಟ ಅಗತ್ಯ.